ಬೆಳಕಿನ ತಿರುಪು, ಆಯಸ್ಕಾಂತದ ಗುಟ್ಟು

ಮುಂಗಾರಿನ ಮೊದಲ ಜೋರು ಮಳೆ ಹೊಳವಾದ ಮೇಲೆ ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ ಕಡೆಗೆ ಹೋಗುವ ರಸ್ತೆಯ ಅಂಚನ್ನು ನೋಡಬೇಕು. ಗುಡ್ಡದ ಕೆನ್ನೀರು ಹರಿದುಹೋದ ಚರಂಡಿಯ ತಿರುವುಗಳಲ್ಲಿ ಹಗುರ ಮಣ್ಣೆಲ್ಲ ಕೊಚ್ಚಿಹೋಗಿ, ತೂಕದ ಕಪ್ಪು ಮರಳು ಮಾತ್ರ ತೆಳ್ಳಗೆ ಪಟ್ಟೆಯಾಗಿ ಉಳಿದಿರುತ್ತದೆ. ಕೆಟ್ಟ ಸ್ಪೀಕರಿನಿಂದ ಕಿತ್ತ ಆಯಸ್ಕಾಂತಕ್ಕೆ ದಾರ ಕಟ್ಟಿಕೊಂಡ ಹುಡುಗರು ಅದರ ಮೇಲೆ ಎಳೆದಾಡುತ್ತಾರೆ. ನೋಡನೋಡುತ್ತಲೇ ಕಪ್ಪು ಕಣಗಳು ಸಾಲುಗಟ್ಟಿ ಮುಳ್ಳುಮುಳ್ಳಾಗಿ ಎದ್ದು ನಿಲ್ಲುತ್ತವೆ.

ಈ ಆಟ ಆಡದೆ ದೊಡ್ಡವರಾದವರು ಮಲೆನಾಡಿನ ಅಂಚಿನಲ್ಲಿ ಕಡಿಮೆ. ಆದರೆ ಆ ಕಣದೊಳಗೆ ಕಾಂತತೆ ಎಲ್ಲಿ ಕೂತಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಕಣ್ಣಿಂದ ನೋಡಿದವರು ಯಾರು? ಸಾಮಾನ್ಯ ಸೂಕ್ಷ್ಮದರ್ಶಕದ ಕೆಳಗಿಟ್ಟರೂ ಉತ್ತರ ದಕ್ಷಿಣ ಕಾಣುವುದಿಲ್ಲ, ಕಪ್ಪು ಕಲ್ಲಷ್ಟೇ ಕಾಣುತ್ತದೆ. ಕಾಂತತೆಗೆ ಬಣ್ಣವಿಲ್ಲ. ಅದನ್ನು ಕಾಣಿಸಬಲ್ಲ ಬೆಳಕು ಬೇರೆಯೇ ಇದೆ. ಆ ಬೆಳಕನ್ನು ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಜಾಗದಲ್ಲಿ ಬೇಕಾದ ಹಾಗೆ ಪಳಗಿಸುವ ಕೆಲಸ ಈಗ ಜಗತ್ತಿನ ಹಲವು ಪ್ರಯೋಗಾಲಯಗಳಲ್ಲಿ ನಡೆದಿದೆ. ಅದರ ಒಂದು ಬೇರು ನಮ್ಮ ಬೆಂಗಳೂರಿನಲ್ಲೇ ಇದೆ.

ಕೆಮ್ಮಣ್ಣುಗುಂಡಿಯ ಕಲ್ಲು

ತರೀಕೆರೆಗೆ ಕಬ್ಬಿಣ ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರುಮಾಡಿದಾಗ ಅದಕ್ಕೆ ಅದಿರು ಒದಗಿಸಿದ್ದು ಈ ತಾಲ್ಲೂಕಿನ ಕೆಮ್ಮಣ್ಣುಗುಂಡಿ. ಅದಿರು ಹೊತ್ತ ತೊಟ್ಟಿಗಳು ರೋಪ್‌ವೇಯಲ್ಲಿ ತೂಗಾಡುತ್ತ ತಣಿಗೆಬೈಲಿಗೆ ಇಳಿಯುತ್ತಿದ್ದುದನ್ನು ನೆನೆಸಿಕೊಳ್ಳುವ ಹಿರಿಯರು ಈಗಲೂ ಸಿಗುತ್ತಾರೆ. ಗಣಿಗಾರಿಕೆ ನಿಂತು ವರ್ಷಗಳಾಗಿವೆ. ಪ್ರವಾಸಿಗಳಿಗೆ ಅದು ಈಗ ಗುಲಾಬಿ ತೋಟ ಮತ್ತು ಮಂಜಿನ ಊರು.

ಬಾಬಾಬುಡನ್ ಸಾಲಿನ ಈ ಬಂಡೆಗಳು 270 ಕೋಟಿ ವರ್ಷಕ್ಕೂ ಹಳೆಯವು. ಅವುಗಳಲ್ಲಿ ಪದರ ಪದರವಾಗಿ ಬೆಣಚು ಮತ್ತು ಕಬ್ಬಿಣದ ಆಕ್ಸೈಡ್ ಕೂತಿವೆ. ಆಕ್ಸೈಡ್‌ಗಳಲ್ಲಿ ಮುಖ್ಯವಾದವು ಎರಡು. ಕೆಂಪು ಗೀರು ಬೀಳಿಸುವ ಹೆಮಟೈಟ್ ಒಂದು, ಕಪ್ಪು ಗೀರಿನ ಮ್ಯಾಗ್ನೆಟೈಟ್ ಇನ್ನೊಂದು. ಹುಡುಗರ ಆಯಸ್ಕಾಂತಕ್ಕೆ ಅಂಟುವುದು ಎರಡನೆಯದು. ಹೆಮಟೈಟಿನ ಕಾಂತತೆ ತೀರ ದುರ್ಬಲ.

ಭೂವಿಜ್ಞಾನದ ವಿದ್ಯಾರ್ಥಿಗಳು ಇವೆರಡನ್ನು ಗುರುತಿಸುವ ಬಗೆ ನೋಡಿದರೆ ನಮ್ಮ ಕಥೆಯ ಮೊದಲ ಪಾಠ ಸಿಗುತ್ತದೆ. ಅದಿರಿನ ತುಂಡನ್ನು ಕನ್ನಡಿಯ ಹಾಗೆ ನುಣುಪು ಮಾಡಿ, ಮೇಲಿನಿಂದ ಬೆಳಕು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬೆಳಕು ಒಳಗೆ ಹೋಗುವ ದಾರಿಯಲ್ಲಿ ಒಂದು ಪೋಲರಾಯ್ಡ್, ಹೊರಗೆ ಬರುವ ದಾರಿಯಲ್ಲಿ ಅದಕ್ಕೆ ಅಡ್ಡಲಾಗಿ ಇನ್ನೊಂದು ಇರುತ್ತದೆ. ಕಲ್ಲಿಟ್ಟ ತಟ್ಟೆಯನ್ನು ಒಂದು ಸುತ್ತು ತಿರುಗಿಸಿದರೆ ಹೆಮಟೈಟಿನ ಕಣ ನಾಲ್ಕು ಸಲ ಬೆಳಗಿ ನಾಲ್ಕು ಸಲ ಕಪ್ಪಾಗುತ್ತದೆ. ಮ್ಯಾಗ್ನೆಟೈಟ್ ಎಷ್ಟು ತಿರುಗಿಸಿದರೂ ಕಪ್ಪೇ. ಅದರ ಹರಳಿನ ರಚನೆ ಎಲ್ಲ ಕಡೆಗೂ ಒಂದೇ ಸಮ ಇರುವುದೇ ಇದಕ್ಕೆ ಕಾರಣ. ಬರಿಗಣ್ಣಿಗೆ ಒಂದೇ ಥರ ಕಾಣುವ ಎರಡು ಕಣಗಳ ಒಳಗುಟ್ಟನ್ನು ಬೆಳಕು ಹೀಗೆ ಬಯಲು ಮಾಡುತ್ತದೆ.

ಕ್ಯಾಲ್ಕುಲೇಟರ್ ಮತ್ತು ತಂಪು ಕನ್ನಡಕ

ಪೋಲರಾಯ್ಡ್ ಮಾಡುವುದೇನು? ಬೆಳಕು ಒಂದು ಅಲೆ. ಅದು ಸಾಗುವ ದಿಕ್ಕಿಗೆ ಅಡ್ಡಲಾಗಿ ಅದರ ವಿದ್ಯುತ್ ಕ್ಷೇತ್ರ ಕಂಪಿಸುತ್ತಿರುತ್ತದೆ. ಸೂರ್ಯನ ಬೆಳಕಿನಲ್ಲಿ ಈ ಕಂಪನಕ್ಕೆ ಗೊತ್ತಾದ ದಿಕ್ಕಿಲ್ಲ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಓರೆಯಾಗಿ, ಎಲ್ಲವೂ ಬೆರೆತಿರುತ್ತದೆ. ಪೋಲರಾಯ್ಡ್ ಒಂದೇ ದಿಕ್ಕಿನ ಕಂಪನವನ್ನು ಬಿಟ್ಟು ಉಳಿದದ್ದನ್ನು ಹೀರಿಕೊಳ್ಳುತ್ತದೆ. ಹೀಗೆ ಶಿಸ್ತಿಗೆ ಒಳಪಟ್ಟದ್ದೇ ಧ್ರುವೀಕೃತ ಬೆಳಕು.

ಪರೀಕ್ಷಿಸಬೇಕೆಂದರೆ ಅಂಗಡಿಯ ಹಳೆಯ ಕ್ಯಾಲ್ಕುಲೇಟರ್ ಮತ್ತು ಬೈಕಿನವರು ಹಾಕುವ ಪೋಲರಾಯ್ಡ್ ತಂಪು ಕನ್ನಡಕ ಸಾಕು. ಕನ್ನಡಕದ ಮೂಲಕ ನೋಡುತ್ತ ಕ್ಯಾಲ್ಕುಲೇಟರನ್ನು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ, ಅಂಕಿಗಳು ಮಾಯ. ಪರದೆಯಿಂದ ಬರುವ ಬೆಳಕು ಮೊದಲೇ ಧ್ರುವೀಕೃತವಾಗಿರುವುದರಿಂದ ಹೀಗಾಗುತ್ತದೆ.

ಇನ್ನೊಂದು ಬಗೆಯೂ ಇದೆ, ಮುಂದಿನ ಕಥೆಗೆ ಅದೇ ಮುಖ್ಯ. ಕಂಪನದ ದಿಕ್ಕು ಒಂದೇ ಕಡೆ ನಿಲ್ಲದೆ, ಅಲೆ ಮುಂದೆ ಸಾಗಿದಂತೆ ಸುತ್ತುತ್ತಲೂ ಹೋಗಬಹುದು. ಆಗ ಬೆಳಕಿನ ಅಲೆ ಒಂದು ತಿರುಪು. ಅದು ಬಲಕ್ಕೂ ಸುತ್ತಬಹುದು, ಎಡಕ್ಕೂ ಸುತ್ತಬಹುದು. ಬಲ ತಿರುಪು, ಎಡ ತಿರುಪು ಸಮನಾಗಿ ಬೆರೆತರೆ ಸಿಗುವುದು ಮತ್ತೆ ನೇರ ಕಂಪನದ ಬೆಳಕೇ.

ಫ್ಯಾರಡೆಯ ಗಾಜು, ಕೆರ್‌ನ ಕನ್ನಡಿ

ಬೆಳಕಿಗೂ ಕಾಂತಕ್ಕೂ ನಂಟಿದೆ ಎಂದು ಮೊದಲು ತೋರಿಸಿದವರು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ. 1845ರ ಸೆಪ್ಟೆಂಬರ್ 13ರಂದು ಅವರು ಸೀಸ ಬೆರೆತ ಭಾರಿ ಗಾಜಿನ ತುಂಡೊಂದನ್ನು ಬಲವಾದ ಆಯಸ್ಕಾಂತದ ಬಳಿಯಿಟ್ಟು, ಅದರೊಳಗೆ ಧ್ರುವೀಕೃತ ಬೆಳಕು ಹಾಯಿಸಿದರು. ಹೊರಬಂದ ಬೆಳಕಿನ ಕಂಪನದ ದಿಕ್ಕು ಕೊಂಚ ಹೊರಳಿತ್ತು. 1877ರಲ್ಲಿ ಸ್ಕಾಟ್ಲೆಂಡಿನ ಜಾನ್ ಕೆರ್ ಆಯಸ್ಕಾಂತದ ನುಣುಪು ಮಾಡಿದ ಮೈಯಿಂದ ಪ್ರತಿಫಲಿಸಿದ ಬೆಳಕೂ ಹೀಗೆ ಹೊರಳುವುದನ್ನು ಕಂಡರು.

ಹೊರಳುವುದು ಯಾಕೆ? ಕಾಂತವಸ್ತುವಿನೊಳಗೆ ಎಲೆಕ್ಟ್ರಾನುಗಳ ಸ್ಪಿನ್‌ಗಳು, ಅಂದರೆ ಒಂದೊಂದರ ಪುಟಾಣಿ ಕಾಂತಗಳು, ಒಂದು ದಿಕ್ಕಿಗೆ ಮುಖ ಮಾಡಿರುತ್ತವೆ. ಆದ್ದರಿಂದ ಬಲ ತಿರುಪಿನ ಬೆಳಕಿಗೆ ಸಿಗುವ ಉಪಚಾರ ಎಡ ತಿರುಪಿಗೆ ಸಿಗುವುದಿಲ್ಲ. ಒಂದರ ವೇಗ ಕೊಂಚ ಹೆಚ್ಚು, ಇನ್ನೊಂದರದು ಕಡಿಮೆ. ಒಂದನ್ನು ವಸ್ತು ಹೆಚ್ಚು ಹೀರುತ್ತದೆ, ಇನ್ನೊಂದನ್ನು ಕಡಿಮೆ. ಎರಡೂ ಹೊರಗೆ ಬಂದು ಮತ್ತೆ ಕೂಡಿದಾಗ ಮೊದಲಿನ ದಿಕ್ಕು ಉಳಿದಿರುವುದಿಲ್ಲ. ಕಾಂತದ ಮುಖ ತಿರುಗಿಸಿ, ಹೊರಳಿಕೆಯೂ ಆಚೆ ಕಡೆಗೆ ತಿರುಗುತ್ತದೆ.

ಇಷ್ಟು ತಿಳಿದರೆ ಸಾಕು, ಕಾಂತತೆಯ ಚಿತ್ರ ತೆಗೆಯಬಹುದು. ನುಣುಪು ಮಾಡಿದ ಉಕ್ಕನ್ನು ಕೆರ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೇ ಬಣ್ಣದ ಲೋಹದ ಮೈಮೇಲೆ ಕಪ್ಪು ಬಿಳುಪಿನ ಪಟ್ಟೆಗಳು ಏಳುತ್ತವೆ. ಒಂದೊಂದು ಪಟ್ಟೆಯೂ ಒಂದೊಂದು ಕಾಂತವಲಯ. ಅದರೊಳಗಿನ ಸ್ಪಿನ್‌ಗಳಿಗೆಲ್ಲ ಒಂದೇ ದಿಕ್ಕು, ಪಕ್ಕದ ಪಟ್ಟೆಯದು ಬೇರೆ ದಿಕ್ಕು. ಹೊರಗಿನಿಂದ ಕಾಂತಕ್ಷೇತ್ರ ಹಚ್ಚಿದಾಗ ಕಪ್ಪು ಪಟ್ಟೆ ಬಿಳಿ ಪಟ್ಟೆಯ ಜಾಗವನ್ನು ಒತ್ತುವರಿ ಮಾಡುತ್ತ ಸರಿಯುವುದನ್ನು ನೋಡುವುದೇ ಒಂದು ಸೊಗಸು. ಟ್ರಾನ್ಸ್‌ಫಾರ್ಮರಿನ ಉಕ್ಕು ಯಾಕೆ ಬಿಸಿಯಾಗುತ್ತದೆ, ವಿದ್ಯುತ್ ಎಲ್ಲಿ ಪೋಲಾಗುತ್ತದೆ ಎಂಬ ಪ್ರಶ್ನೆಗೂ ಈ ಒತ್ತುವರಿಯಲ್ಲೇ ಉತ್ತರದ ಒಂದು ಪಾಲಿದೆ.

ಆದರೆ ಈ ಹೊರಳಿಕೆ ಬಹಳ ಸಣ್ಣದು. ಕಬ್ಬಿಣದ ಮೈಯಿಂದ ಬಂದ ಬೆಳಕು ಹೊರಳುವುದು ಒಂದು ಡಿಗ್ರಿಗಿಂತ ಕಡಿಮೆ. ಕೆಲವೇ ಪರಮಾಣುಗಳಷ್ಟು ದಪ್ಪದ ಪದರವಾದರೆ ಡಿಗ್ರಿಯ ಸಾವಿರದ ಪಾಲುಗಳ ಲೆಕ್ಕ.

ಬೆಂಗಳೂರಿನ ಪ್ರಯೋಗ, ಮೈಸೂರಿನ ರೀಡರ್

ಸರ್ ಸಿ.ವಿ. ರಾಮನ್ ಎಂದರೆ ನಮಗೆ ರಾಮನ್ ಪರಿಣಾಮ ಮತ್ತು ನೊಬೆಲ್. ಅವರ ಬೆಂಗಳೂರಿನ ಬಳಗ ಧ್ರುವೀಕೃತ ಬೆಳಕಿನಲ್ಲಿ ಮಾಡಿದ ಕೆಲಸ ಅಷ್ಟಾಗಿ ಜನರ ಬಾಯಲ್ಲಿಲ್ಲ. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ಎಸ್. ರಾಮಶೇಷನ್ 1940ರ ದಶಕದಲ್ಲಿ ರಾಮನ್ ಅವರ ಶಿಷ್ಯರಾಗಿ ಫ್ಯಾರಡೆ ಪರಿಣಾಮವನ್ನೇ ಕೈಗೆತ್ತಿಕೊಂಡಿದ್ದರು. ವಜ್ರ ಮತ್ತು ಬಗೆಬಗೆಯ ಗಾಜುಗಳಲ್ಲಿ ಕಾಂತಕ್ಷೇತ್ರ ಬೆಳಕನ್ನು ಎಷ್ಟು ಹೊರಳಿಸುತ್ತದೆ ಎಂದು ಅಳೆದರು.

ಇದಕ್ಕಿಂತ ದೂರ ಹೋದದ್ದು ಎಸ್. ಪಂಚರತ್ನಂ ಅವರ ಕೆಲಸ. 1934ರಲ್ಲಿ ಹುಟ್ಟಿದ ಇವರು ರಾಮನ್ ಅವರ ಸೋದರಳಿಯ. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅಯೋಲೈಟ್ ಎಂಬ ನೇರಳೆ ನೀಲಿ ಹರಳನ್ನು ಹಿಡಿದು, ಅದರಲ್ಲಿ ಹಾದುಬರುವ ಬೆಳಕಿನ ವಿಚಿತ್ರಗಳನ್ನು ಬಿಡಿಸುತ್ತ ಕೂತವರು. 1956ರಲ್ಲಿ, ಇನ್ನೂ ಇಪ್ಪತ್ತೆರಡು ತುಂಬುವ ಹೊತ್ತಿಗೆ, ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು.

ಅದರ ತಿರುಳು ಹೀಗಿದೆ. ಬೆಳಕಿನ ಧ್ರುವೀಕರಣದ ಎಲ್ಲ ಬಗೆಗಳನ್ನೂ ಒಂದು ಗೋಳದ ಮೇಲೆ ಗುರುತು ಹಾಕಬಹುದು. ಮೇಲಿನ ತುದಿಯಲ್ಲಿ ಒಂದು ತಿರುಪು, ಕೆಳಗಿನ ತುದಿಯಲ್ಲಿ ಇನ್ನೊಂದು, ನಡುವಿನ ಸಮಭಾಜಕದ ಮೇಲೆ ನೇರ ಕಂಪನಗಳು. ಈಗ ಒಂದು ಕಿರಣವನ್ನು ಬೇರೆ ಬೇರೆ ಫಲಕಗಳ ಮೂಲಕ ಹಾಯಿಸಿ, ಅದರ ಧ್ರುವೀಕರಣ ಗೋಳದ ಮೇಲೆ ಒಂದು ಸುತ್ತು ಹೊಡೆದು ಹೊರಟಲ್ಲಿಗೇ ವಾಪಸ್ ಬರುವಂತೆ ಮಾಡೋಣ. ನೋಟಕ್ಕೆ ಬೆಳಕು ಮೊದಲಿನಂತೆಯೇ ಇದೆ. ಆದರೆ ಅಲೆಯ ಏರಿಳಿತ ಮೊದಲಿದ್ದ ಹೆಜ್ಜೆಗಿಂತ ಕೊಂಚ ಸರಿದಿರುತ್ತದೆ. ಎಷ್ಟು ಸರಿದಿರುತ್ತದೆ ಎಂಬುದು ಆ ಸುತ್ತು ಗೋಳದ ಮೇಲೆ ಎಷ್ಟು ಜಾಗವನ್ನು ಬಳಸಿತು ಎಂಬುದರ ಮೇಲೆ ನಿಂತಿದೆ. ಗೋಳದ ತ್ರಿಜ್ಯ ಒಂದು ಎಂದಿಟ್ಟುಕೊಂಡರೆ ಸರಿತ ಆ ಜಾಗದ ವಿಸ್ತೀರ್ಣದ ಅರ್ಧ. ಸಾಗಿದ ದೂರಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಶುದ್ಧ ರೇಖಾಗಣಿತ.

ಆಗ ಇದನ್ನು ಗಮನಿಸಿದವರು ಬೆರಳೆಣಿಕೆಯ ಮಂದಿ. ಪಂಚರತ್ನಂ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ರೀಡರ್ ಆಗಿ ಬಂದರು, 1964ರಲ್ಲಿ ಆಕ್ಸ್‌ಫರ್ಡಿಗೆ ಹೋದರು, 1969ರಲ್ಲಿ 35ನೇ ವಯಸ್ಸಿಗೆ ತೀರಿಕೊಂಡರು. 1984ರಲ್ಲಿ ಬ್ರಿಟನ್ನಿನ ಮೈಕೆಲ್ ಬೆರಿ ಕ್ವಾಂಟಂ ಲೋಕದಲ್ಲಿ ಇದೇ ಬಗೆಯ ಸರಿತವನ್ನು ಕಂಡುಹಿಡಿದು ಹೆಸರಾದ ಮೇಲೆ ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ 1986ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಹಳೆಯ ಪ್ರಬಂಧದತ್ತ ಕೈತೋರಿಸಿದರು. ಬೆರಿ ಅದನ್ನು ಮನಸಾರೆ ಒಪ್ಪಿದರು. ಇಂದು ಜಗತ್ತು ಅದನ್ನು ಪಂಚರತ್ನಂ-ಬೆರಿ ಫೇಸ್ ಎನ್ನುತ್ತದೆ. ಮೂವತ್ತು ವರ್ಷ ತಡವಾಗಿ ಬಂದ ಮನ್ನಣೆ ಇದು, ಅದೂ ಊರಿನವರೇ ಎದ್ದುನಿಂತು ಹೇಳಿದ್ದರಿಂದ.

ಬೆಳಕಿಗಿಂತ ಕಿರಿದಾದ ಜಾಗದಲ್ಲಿ

ಈ ರೇಖಾಗಣಿತಕ್ಕೂ ನ್ಯಾನೊ ಲೋಕಕ್ಕೂ ಗಂಟು ಬಿದ್ದದ್ದು ಈ ಶತಮಾನದಲ್ಲಿ. ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಗಾಜಿನ ಮೇಲೆ ಕೆಲವು ನೂರು ನ್ಯಾನೊಮೀಟರ್ ಎತ್ತರದ ಚಪ್ಪಟೆ ಕಡ್ಡಿಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದನ್ನೂ ಪಕ್ಕದ್ದಕ್ಕಿಂತ ಕೊಂಚ ಕೊಂಚ ತಿರುಗಿಸಿದರೆ, ತಿರುಪಿನ ಬೆಳಕು ಪ್ರತಿ ಕಡ್ಡಿಯಲ್ಲೂ ಬೇರೆ ಬೇರೆಯಷ್ಟು ಹೆಜ್ಜೆ ಸರಿಯುತ್ತದೆ. ಕಡ್ಡಿ ತಿರುಗಿದ ಕೋನದ ಎರಡರಷ್ಟು ಸರಿತ. ಕಡ್ಡಿಗಳ ಜೋಡಣೆ ಬದಲಿಸಿದರೆ ಬೆಳಕು ಬಾಗುತ್ತದೆ, ಒಂದೆಡೆ ಸೇರುತ್ತದೆ, ಬಲ ತಿರುಪು ಒಂದು ಕಡೆಗೂ ಎಡ ತಿರುಪು ಇನ್ನೊಂದು ಕಡೆಗೂ ಬೇರೆಯಾಗುತ್ತವೆ. ಹಾರ್ವರ್ಡ್‌ನ ಫೆಡೆರಿಕೊ ಕಪಾಸೊ ತಂಡ 2016ರಲ್ಲಿ ಟೈಟಾನಿಯಂ ಡೈಆಕ್ಸೈಡಿನ 600 ನ್ಯಾನೊಮೀಟರ್ ಎತ್ತರದ ಇಂಥ ಕಡ್ಡಿಗಳಿಂದ ಚಪ್ಪಟೆ ಲೆನ್ಸ್ ಮಾಡಿ ತೋರಿಸಿತು. ಅದು ಕೆಲಸ ಮಾಡುವುದು ಪಂಚರತ್ನಂ ಲೆಕ್ಕದ ಮೇಲೆ.

ಆಯಸ್ಕಾಂತ ಅಧ್ಯಯನ ಮಾಡುವವರಿಗೆ ಇದು ಯಾಕೆ ಬೇಕು? ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೊಮೀಟರ್. ಎಷ್ಟೇ ಒಳ್ಳೆಯ ಲೆನ್ಸ್ ತಂದರೂ ಅದರ ಅರ್ಧಕ್ಕಿಂತ ತೀರ ಚಿಕ್ಕ ಚುಕ್ಕೆಗೆ ಬೆಳಕನ್ನು ಒತ್ತಲು ಆಗುವುದಿಲ್ಲ. ಕಾಂತದ ಲೋಕದಲ್ಲಿ ಸ್ವಾರಸ್ಯವೆಲ್ಲ ಇರುವುದು ಅದಕ್ಕಿಂತ ಕೆಳಗೆ. ಎರಡು ಕಾಂತವಲಯಗಳ ನಡುವಿನ ಗಡಿಯ ಅಗಲ ಹತ್ತಾರು ನ್ಯಾನೊಮೀಟರ್. ಹಾರ್ಡ್ ಡಿಸ್ಕಿನಲ್ಲಿ ಒಂದು ಅಕ್ಷರದ ಚೂರು ಕೂರುವ ಜಾಗವೂ ಅಷ್ಟೇ.

ಹಾಗಾಗಿ ಬಂಗಾರ, ಬೆಳ್ಳಿಯಂಥ ಲೋಹದ ನ್ಯಾನೊ ಚೂರುಗಳ ಮೊರೆ ಹೋಗಬೇಕಾಯಿತು. ಬೆಳಕು ಬಿದ್ದಾಗ ಆ ಲೋಹದ ಎಲೆಕ್ಟ್ರಾನುಗಳು ಒಟ್ಟಾಗಿ ತೊನೆದು, ಚೂರಿನ ಅಂಚಿನಲ್ಲಿ ಬೆಳಕನ್ನು ಅಲೆಯುದ್ದಕ್ಕಿಂತ ಎಷ್ಟೋ ಕಿರಿದಾದ ಜಾಗಕ್ಕೆ ಹಿಂಡುತ್ತವೆ. ಚೂರಿನ ಆಕಾರ ಹೇಗಿದೆಯೋ ಅಲ್ಲಿನ ಧ್ರುವೀಕರಣವೂ ಹಾಗೆ. ಸುರುಳಿಯಾಕಾರ ಮಾಡಿದರೆ ಅದು ಬಲ ಎಡ ಭೇದ ಮಾಡತೊಡಗುತ್ತದೆ. ಬಲ ಥ್ರೆಡ್ಡಿನ ಬೋಲ್ಟಿಗೆ ಎಡ ಥ್ರೆಡ್ಡಿನ ನಟ್ಟು ಕೂರದ ಹಾಗೆ, ಒಂದು ಕೈಯ ಸುರುಳಿಗೆ ಒಂದು ಕೈಯ ಬೆಳಕೇ ಹೆಚ್ಚು ಒಗ್ಗುತ್ತದೆ.

ಇಂಥ ಸುರುಳಿಗಳು ಬೆಂಗಳೂರಿನಲ್ಲೂ ತಯಾರಾಗಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಲ್ಲಿ ಅಂಬರೀಶ್ ಘೋಷ್ ಅವರ ತಂಡ ಈ ದಾರಿಯಲ್ಲಿ ವರ್ಷಗಳಿಂದ ಕೆಲಸ ಮಾಡುತ್ತಿದೆ. ನಿರ್ವಾತ ಪೆಟ್ಟಿಗೆಯಲ್ಲಿ ಸಿಲಿಕಾನ್ ಬಿಲ್ಲೆಯನ್ನು ತೀರ ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸುತ್ತ, ಪಕ್ಕದಿಂದ ಸಿಲಿಕಾದ ಆವಿ ಬಿಡುತ್ತಾರೆ. ಮೊದಲು ಬಿದ್ದ ಕಣ ತನ್ನ ಹಿಂದಿನ ಜಾಗಕ್ಕೆ ಆವಿ ತಾಗದಂತೆ ಮರೆ ಕಟ್ಟುತ್ತದೆ. ಬಿಲ್ಲೆ ತಿರುಗಿದಂತೆ ಬೆಳೆಯುವ ಕಂಬವೂ ತಿರುಗುತ್ತ ಸುರುಳಿಯಾಗುತ್ತದೆ. ಕೋಟ್ಯಂತರ ಸುರುಳಿಗಳು ಒಂದೇ ಸಲಕ್ಕೆ. ಅವುಗಳ ಮೇಲೆ ಲೋಹದ ನ್ಯಾನೊಕಣ ಕೂರಿಸಿದರೆ, ಕಣ್ಣಿಗೆ ಕಾಣುವ ಬೆಳಕಿನಲ್ಲೇ ಎಡ ಬಲ ತಿರುಪುಗಳ ನಡುವೆ ದೊಡ್ಡ ವ್ಯತ್ಯಾಸ ತೋರಿಸುವ ಹಾಳೆ ಸಿದ್ಧ. ಅದೇ ಸುರುಳಿಗೆ ಕಾಂತವಸ್ತು ಲೇಪಿಸಿದರೆ ಸುತ್ತುವ ಕಾಂತಕ್ಷೇತ್ರದಲ್ಲಿ ಅದು ದ್ರವದೊಳಗೆ ತಿರುಪಿನಂತೆ ಕೊರೆದುಕೊಂಡು ಈಜುತ್ತದೆ. ಅದನ್ನು ಹಲ್ಲಿನ ಸೂಕ್ಷ್ಮ ನಾಳಗಳೊಳಗೆ ಇಳಿಸಿ ಚಿಕಿತ್ಸೆಗೆ ಬಳಸುವ ಪ್ರಯತ್ನವೂ ಅಲ್ಲೇ ನಡೆದಿದೆ. 

ಇಂಥ ಸುರುಳಿಯ ನೆರವಿನಿಂದ ಕಾಂತತೆಯನ್ನು ಅಳೆಯುವುದು ಕೇಳುವುದಕ್ಕೆ ಸಲೀಸು. ಮಾಡುವುದಕ್ಕೆ ಹಾಗಲ್ಲ. ನ್ಯಾನೊ ಸುರುಳಿಯೂ ಬೆಳಕನ್ನು ಹೊರಳಿಸುತ್ತದೆ, ಕಾಂತವೂ ಹೊರಳಿಸುತ್ತದೆ. ಯಾವುದು ಯಾರ ಪಾಲು? ಅದಕ್ಕೊಂದು ಉಪಾಯವಿದೆ. ಕಾಂತಕ್ಷೇತ್ರವನ್ನು ಉತ್ತರಕ್ಕೊಮ್ಮೆ ದಕ್ಷಿಣಕ್ಕೊಮ್ಮೆ ತಿರುಗಿಸಿ ಅಳೆದು, ಒಂದರಿಂದ ಇನ್ನೊಂದನ್ನು ಕಳೆಯುತ್ತಾರೆ. ಸುರುಳಿಯ ಪಾಲು ಬದಲಾಗದೆ ವಜಾ ಆಗುತ್ತದೆ. ಚಿಹ್ನೆ ಬದಲಿಸುವ ಕಾಂತದ ಪಾಲು ಮಾತ್ರ ಉಳಿಯುತ್ತದೆ. ಇದಕ್ಕೆ ಕತ್ತಲ ಕೋಣೆ, ಅಲುಗಾಡದ ಮೇಜು ಬೇಕು. ಜೊತೆಗೆ ಬೆಳಕಿನ ತಿರುಪನ್ನು ಸೆಕೆಂಡಿಗೆ 50 ಸಾವಿರ ಸಲದಂತೆ ಅದಲುಬದಲು ಮಾಡುವ ಉಪಕರಣ. ಪಕ್ಕದ ರಸ್ತೆಯಲ್ಲಿ ಲಾರಿ ಹೋದರೂ ಅಳತೆ ಕೆಡುವ ಕೆಲಸವಿದು.

ಇನ್ನೊಂದು ದಾರಿ ಎಕ್ಸ್-ಕಿರಣದ್ದು. ಕಬ್ಬಿಣಕ್ಕೆ ಒಗ್ಗುವ ಮೃದು ಎಕ್ಸ್-ಕಿರಣದ ಅಲೆಯುದ್ದ ಎರಡು ನ್ಯಾನೊಮೀಟರಿಗಿಂತ ಕಡಿಮೆ. ಅದಕ್ಕೆ ಎಡ ಬಲ ತಿರುಪು ಕೊಟ್ಟು ನೋಡಿದರೆ ಕಬ್ಬಿಣದ ಕಾಂತತೆ ಎಷ್ಟು, ಪಕ್ಕದ ಕೋಬಾಲ್ಟಿನದು ಎಷ್ಟು ಎಂದು ಬೇರೆ ಬೇರೆಯಾಗಿ ಲೆಕ್ಕ ಹಾಕಬಹುದು. ಜರ್ಮನಿಯ ಗಿಸೆಲಾ ಶ್ಯೂಟ್ಸ್ 1987ರಲ್ಲಿ ಎಕ್ಸ್-ಕಿರಣದಲ್ಲಿ ಈ ಭೇದವನ್ನು ಮೊದಲು ಅಳೆದರು. ಇಂಥ ಬೆಳಕಿಗೆ ಸಿಂಕ್ರೊಟ್ರಾನ್ ಎಂಬ ಭಾರಿ ಯಂತ್ರ ಬೇಕು. ನಮ್ಮ ದೇಶದ ಇಂಡಸ್-2 ಇರುವುದು ಇಂದೋರಿನಲ್ಲಿ, ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರಿನ ಕೇಂದ್ರದಲ್ಲಿ.

ಒಂದು ಪದರದ ಆಯಸ್ಕಾಂತ

ಧ್ರುವೀಕೃತ ಬೆಳಕಿನಿಂದ ಕಾಂತತೆ ನೋಡಿದ್ದರ ಲಾಭಕ್ಕೆ ಒಂದು ಉದಾಹರಣೆ ಸಾಕು. ಕ್ರೋಮಿಯಂ ಅಯೊಡೈಡ್ ಎಂಬ ಹರಳನ್ನು ಅಂಟುಪಟ್ಟಿಯಿಂದ ಎಳೆದೆಳೆದು ಒಂದೇ ಪದರಕ್ಕೆ ಇಳಿಸಬಹುದು. ಅಷ್ಟು ತೆಳುವಾದ ಮೇಲೂ ಅದು ಆಯಸ್ಕಾಂತವಾಗಿ ಉಳಿಯುತ್ತದೆಯೇ? ಮಾಮೂಲಿ ಉಪಕರಣಗಳಿಗೆ ಹಿಡಿಯಲು ಅಲ್ಲಿ ವಸ್ತುವೇ ಸಾಲದು. 2017ರಲ್ಲಿ ಅಮೆರಿಕದ ಶಿಯಾವೊಡಾಂಗ್ ಷು ಮತ್ತು ಪಾಬ್ಲೊ ಹರಿಯೊ-ಹೆರೆರೊ ತಂಡಗಳು ಕೆರ್ ಪರಿಣಾಮದಿಂದ ಉತ್ತರ ಕಂಡವು. ಸುಮಾರು ಮೈನಸ್ 228 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾಗಿಸಿದರೆ ಒಂದು ಪದರವೂ ಆಯಸ್ಕಾಂತವೇ. ಎರಡು ಪದರ ಸೇರಿದರೆ ಒಂದನ್ನೊಂದು ಹೊಡೆದುಹಾಕಿ ಸೊನ್ನೆ. ಮೂರಾದರೆ ಮತ್ತೆ ಆಯಸ್ಕಾಂತ. ನೂರ ನಲವತ್ತು ವರ್ಷ ಹಿಂದಿನ ಕೆರ್‌ನ ಉಪಾಯವೇ ಇಲ್ಲೂ ಕೆಲಸಕ್ಕೆ ಬಂತು.

ತಿರುಪಿನ ಬೆಳಕು ಬರೀ ಓದುವುದಿಲ್ಲ, ಬರೆಯಲೂಬಹುದು. ನೆದರ್ಲೆಂಡ್ಸ್‌ನ ನೈಮೇಹನ್‌ನಲ್ಲಿ ಥಿಯೊ ರಾಸಿಂಗ್ ತಂಡ 2007ರಲ್ಲಿ ಲೇಸರಿನ ಅತಿ ಕಿರು ಮಿಡಿತಗಳಿಂದಲೇ ಕಾಂತವಲಯಗಳ ದಿಕ್ಕು ಬದಲಿಸಿತು. ಹೊರಗಿನ ಆಯಸ್ಕಾಂತ ಬೇಕಾಗಲಿಲ್ಲ. ಬಲ ತಿರುಪಿಗೆ ಒಂದು ದಿಕ್ಕು, ಎಡ ತಿರುಪಿಗೆ ಇನ್ನೊಂದು. ಇದರಲ್ಲಿ ಬಿಸಿಯ ಪಾಲೆಷ್ಟು, ತಿರುಪಿನ ಪಾಲೆಷ್ಟು ಎಂದು ತಜ್ಞರು ವರ್ಷಗಟ್ಟಲೆ ಜಗಳ ಆಡಿದ್ದಾರೆ. 2015ರಲ್ಲಿ ಬಂಗಾರದ ನ್ಯಾನೊ ಆಂಟೆನಾ ಇಟ್ಟು ಈ ಬರವಣಿಗೆಯ ಚುಕ್ಕೆಯನ್ನು 50 ನ್ಯಾನೊಮೀಟರಿನ ಆಸುಪಾಸಿಗೆ ಇಳಿಸಿದರು.

ಅಂಗಡಿಗೆ ಬಂದ ಸರಕು ಯಾವುದು? ಸೀಗೇಟ್ ಕಂಪನಿ 2024ರಲ್ಲಿ ಘೋಷಿಸಿದ 30 ಟೆರಾಬೈಟ್ ದಾಟಿದ ಹಾರ್ಡ್ ಡಿಸ್ಕುಗಳಲ್ಲಿ ಲೇಸರ್ ಬೆಳಕನ್ನು ಲೋಹದ ನ್ಯಾನೊ ಆಂಟೆನಾದಿಂದ ಹಿಂಡಿ, ಕಬ್ಬಿಣ ಮತ್ತು ಪ್ಲಾಟಿನಂ ಮಿಶ್ರಲೋಹದ ಚುಕ್ಕೆಯೊಂದನ್ನು ಕ್ಷಣಮಾತ್ರ ಕಾಯಿಸಿ ಬರೆಯುತ್ತಾರೆ. ಅಲ್ಲಿ ಬೆಳಕಿನ ಕೆಲಸ ಕಾಯಿಸುವುದಷ್ಟೇ, ತಿರುಪಿಗೆ ಪಾತ್ರವಿಲ್ಲ. ತಿರುಪಿನಿಂದಲೇ ಬರೆಯುವ ಡಿಸ್ಕು ಇನ್ನೂ ಪ್ರಯೋಗಾಲಯ ದಾಟಿಲ್ಲ. ನಾಳೆಯೇ ಬಂತು ಎಂದು ಹೇಳುವ ವರದಿಗಳನ್ನು ನಂಬಬೇಕಾಗಿಲ್ಲ.

ಅಷ್ಟರಲ್ಲಿ ನಮ್ಮ ಕಾಲೇಜುಗಳು ಮಾಡಬಹುದಾದ ಕೆಲಸ ಒಂದಿದೆ. ಪಂಚರತ್ನಂ ಅವರ 1956ರ ಪ್ರಬಂಧ ಭಾರತೀಯ ವಿಜ್ಞಾನ ಅಕಾಡೆಮಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಬಿ.ಎಸ್ಸಿ. ಗಣಿತ ಬಲ್ಲವರು ಪಟ್ಟು ಹಿಡಿದರೆ ಓದಿ ಅರ್ಥಮಾಡಿಕೊಳ್ಳಬಹುದು. ತರೀಕೆರೆ, ಕಡೂರು, ಅಜ್ಜಂಪುರದ ಭೌತವಿಜ್ಞಾನದ ಮೇಷ್ಟ್ರುಗಳು ಅದರ ಪ್ರತಿ ತೆಗೆದು, ಎರಡು ಪೋಲರಾಯ್ಡ್ ಹಾಳೆಗಳ ಜೊತೆ ಒಮ್ಮೆ ತರಗತಿಗೆ ಒಯ್ಯಲಿ.